ಹೊಸ ಪ್ರೊಸೆಸರ್ ಬರುವವರೆಗೆ ಕಾಯಬೇಕೆ?

2023ರಲ್ಲಿ ಹೊಸ ಮಾದರಿಯೆಂದು ಅಂಗಡಿಗೆ ಬಂದ ಹಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಎಎಂಡಿಯ ‘ರೈಜೆನ್ 5 7520ಯು’ ಪ್ರೊಸೆಸರ್ ಇತ್ತು. ಏಳು ಸಾವಿರದ ಸಾಲು ಆಗಿನ್ನೂ ಹೊಚ್ಚಹೊಸದು. ಒಳಗಿದ್ದ ಕೋರ್ ಮಾತ್ರ ಝೆನ್ 2, ಅಂದರೆ 2019ರ ವಿನ್ಯಾಸ. ಅದೇ ಸಾಲಿನ 7530ಯು ಝೆನ್ 3, 7640ಯು ಝೆನ್ 4. ಹೆಸರಿನ ಮೂರನೆಯ ಅಂಕಿಯನ್ನು ಗಮನಿಸಿದವರಿಗಷ್ಟೇ ಈ ಅಂತರ ತಿಳಿಯುತ್ತಿತ್ತು. ಇಂಟೆಲ್ ಕೂಡ 2024ರ ಆರಂಭದಲ್ಲಿ ‘ಕೋರ್ 7 150ಯು’ ಎಂಬ ಹೊಸ ಹೆಸರಿಟ್ಟು ಕೊಟ್ಟದ್ದು ಹಿಂದಿನ ವರ್ಷದ ರಾಪ್ಟರ್ ಲೇಕ್ ವಿನ್ಯಾಸವನ್ನೇ. ‘ಇನ್ನೊಂದಾರು ತಿಂಗಳು ತಡೆದರೆ ಹೊಸ ಪ್ರೊಸೆಸರ್ ಸಿಗುತ್ತದೆ’ ಎಂಬ ಸಲಹೆಯನ್ನು ಒಪ್ಪುವ ಮೊದಲು ಇದು ನೆನಪಿನಲ್ಲಿರಬೇಕು. ಜನವರಿಯಲ್ಲಿ ಲಾಸ್ ವೇಗಾಸ್‌ನ ಸಿಇಎಸ್ ಮೇಳದಲ್ಲಿ ಪ್ರಕಟವಾಗುವ ಚಿಪ್‌ಗಳು ಮೊದಲು ಸೇರುವುದು ದುಬಾರಿ ಯಂತ್ರಗಳನ್ನು. ಐವತ್ತು ಸಾವಿರ ರೂಪಾಯಿ ಹೊಂದಿಸಿಕೊಂಡ ವಿದ್ಯಾರ್ಥಿಯೋ ಶಿಕ್ಷಕಿಯೋ ಕಾಯುತ್ತಿರುವ ಚಿಪ್, ಅವರ ಬೆಲೆಯ ಮಟ್ಟಕ್ಕೆ ಇಳಿಯುವ ಹೊತ್ತಿಗೆ ಅದರ ಮುಂದಿನ ಪೀಳಿಗೆ ಮೇಳದಲ್ಲಿ ಮೆರೆಯುತ್ತಿರುತ್ತದೆ. ಆದ್ದರಿಂದ ಹೆಚ್ಚಿನವರಿಗೆ ನನ್ನ ಉತ್ತರ ಇಷ್ಟೆ: ಕೆಲಸಕ್ಕೆ ಬೇಕಿದ್ದರೆ ಈಗಲೇ ಕೊಳ್ಳಿ, ಆದರೆ ಒಳಗಿರುವುದು ಏನೆಂದು ನೋಡಿ ಕೊಳ್ಳಿ.

ಕಾಯುವುದರ ಇನ್ನೊಂದು ತೊಡಕೆಂದರೆ, ನಿಜವಾದ ಜಿಗಿತ ಯಾವಾಗ ಬರುತ್ತದೆಂದು ತಯಾರಕರೇ ಖಚಿತವಾಗಿ ಹೇಳಲಾರರು. ಇಂಟೆಲ್ 2014ರಲ್ಲಿ 14 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್‌ಗಳನ್ನು ತಂದಿತು. ಎರಡು ವರ್ಷದಲ್ಲಿ 10 ನ್ಯಾನೋಮೀಟರ್ ಬರಬೇಕಿತ್ತು. ತಯಾರಿಕೆಯ ತೊಂದರೆಗಳಿಂದ ಅದು ಮುಂದಕ್ಕೆ ಹೋಗುತ್ತಲೇ ಇದ್ದು, ಐಸ್ ಲೇಕ್ ರೂಪದಲ್ಲಿ ಲ್ಯಾಪ್‌ಟಾಪ್‌ಗಳಿಗೆ ಸಿಕ್ಕಿದ್ದು 2019ರಲ್ಲಿ. ಈ ನಡುವೆ, ಯಾರೂ ಅಷ್ಟಾಗಿ ನಿರೀಕ್ಷಿಸದಿದ್ದ ಕಡೆಯಿಂದ ಸುಧಾರಣೆ ಬಂತು. 2017ರಲ್ಲಿ ಎಎಂಡಿಯ ರೈಜೆನ್ ಪೈಪೋಟಿಗೆ ಇಳಿಯಿತು. ಆ ವರ್ಷದ ಆಗಸ್ಟ್‌ನಲ್ಲಿ ಇಂಟೆಲ್ ಅದೇ ಹಳೆಯ 14 ನ್ಯಾನೋಮೀಟರ್‌ನಲ್ಲಿ, ಅದೇ 15 ವಾಟ್ ಮಿತಿಯೊಳಗೆ, ತೆಳು ಲ್ಯಾಪ್‌ಟಾಪ್‌ಗಳ ಕೋರ್‌ಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿತು. 10 ನ್ಯಾನೋಮೀಟರ್ ಬರಲಿ ಎಂದು 2016ರಿಂದ ಕಾದವರು ಮೂರು ವರ್ಷ ಕಳೆದುಕೊಂಡರು. ಏನೂ ಯೋಚಿಸದೆ 2017ರ ಕೊನೆಯಲ್ಲಿ ಕೊಂಡವರಿಗೆ ದೊಡ್ಡ ಲಾಭವೇ ಸಿಕ್ಕಿತು.

ಹಾಗಾದರೆ 2020ರ ಕಥೆ ಏನು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ವರ್ಷದ ಮಾರ್ಚ್‌ನಲ್ಲಿ ಆಪಲ್ ಇಂಟೆಲ್ ಚಿಪ್‌ನ ಮ್ಯಾಕ್‌ಬುಕ್ ಏರ್ ಬಿಡುಗಡೆ ಮಾಡಿತು. ನವೆಂಬರ್‌ನಲ್ಲಿ ತನ್ನದೇ ಎಂ1 ಚಿಪ್‌ನ ಏರ್ ತಂದಿತು. ವೇಗ, ಬ್ಯಾಟರಿ, ಫ್ಯಾನಿನ ಸದ್ದು, ಯಾವುದರಲ್ಲಿ ನೋಡಿದರೂ ಎಂಟು ತಿಂಗಳ ಹಿಂದಿನ ಯಂತ್ರ ಇದರ ಹತ್ತಿರಕ್ಕೂ ಬರಲಿಲ್ಲ. ಮಾರ್ಚ್‌ನಲ್ಲಿ ಕೊಂಡವರಿಗೆ ನಷ್ಟವಾದದ್ದು ನಿಜ. ಆದರೆ ಆಪಲ್ ಇಂಟೆಲ್ ಅನ್ನು ಬಿಡುವ ವಿಷಯ ಜೂನ್‌ನಲ್ಲೇ ಬಹಿರಂಗವಾಗಿತ್ತು, ಮೊದಲ ಯಂತ್ರ ವರ್ಷದ ಕೊನೆಯೊಳಗೆ ಬರುತ್ತದೆಂದೂ ಹೇಳಲಾಗಿತ್ತು. ಜೂನ್ ನಂತರ ಕಾದವರು ಕಾದದ್ದು ಗಾಳಿಸುದ್ದಿಗಲ್ಲ, ಪ್ರಕಟವಾದ ಬದಲಾವಣೆಗೆ. ಮೂಲ ವಿನ್ಯಾಸವೇ ಬದಲಾಗುತ್ತಿದ್ದು, ದಿನವೂ ಗೊತ್ತಾಗಿ, ಅದು ನಿಮ್ಮ ಬಜೆಟ್‌ಗೂ ಎಟುಕುವಂತಿದ್ದರೆ ಕಾಯುವುದರಲ್ಲಿ ಅರ್ಥವಿದೆ. ಅಂಥ ಸಂದರ್ಭ ಹತ್ತು ವರ್ಷದಲ್ಲಿ ಒಂದೆರಡು ಬಾರಿ ಬರಬಹುದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಾಫ್ಟ್‌ವೇರ್‌ನದು. 2021ರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್, ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಎಲ್ಲ ಚಿಪ್‌ಗಳನ್ನೂ ಹೊರಗಿಟ್ಟಿತು. 2017ರ ಮಧ್ಯದಲ್ಲಿ ಏಳನೆಯ ಪೀಳಿಗೆ ಕೊಂಡವರು ನಾಲ್ಕೇ ವರ್ಷಕ್ಕೆ ಹಳಬರಾದರು. ಆದರೂ ಅವರ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರವರೆಗೆ ಭದ್ರತೆಯ ಅಪ್‌ಡೇಟ್ ಸಿಗುತ್ತಿತ್ತು. ಅನ್ಯಾಯಕ್ಕೆ ಒಳಗಾದವರಿಗೂ ಎಂಟು ವರ್ಷ ದಕ್ಕಿತು. ಅಷ್ಟರಲ್ಲಿ ಹೆಚ್ಚಿನ ಲ್ಯಾಪ್‌ಟಾಪ್‌ಗಳ ಬ್ಯಾಟರಿ, ಹಿಂಜ್ ಎರಡೂ ಸೋತಿರುತ್ತವೆ. ಇದರಿಂದ ಕಲಿಯಬೇಕಾದದ್ದು ಐದಾರು ವರ್ಷ ಹಳೆಯ ಕೋರ್‌ನಿಂದ ದೂರವಿರಬೇಕೆಂದು. ಒಂದೆರಡು ವರ್ಷದ ಹಿಂದಿನ ಚಿಪ್‌ಗೆ ಹೆದರಬೇಕಿಲ್ಲ.

ಹೊಸದು ಬಂದರೆ ಹಳೆಯದರ ಬೆಲೆ ಇಳಿಯುತ್ತದಲ್ಲ, ಅದಕ್ಕಾದರೂ ಕಾಯೋಣ ಎನ್ನುವವರಿದ್ದಾರೆ. ಅನೇಕ ವರ್ಷ ಈ ಲೆಕ್ಕ ಸರಿಯಿತ್ತು. 2025ರ ಕೊನೆಯಲ್ಲಿ ತಲೆಕೆಳಗಾಯಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ವಿಪರೀತ ಏರಿತು. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವ ಮೂರು ಕಂಪನಿಗಳಲ್ಲಿ ಒಂದಾದ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ‘ಕ್ರೂಷಿಯಲ್’ ವ್ಯವಹಾರವನ್ನೇ ಮುಚ್ಚುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ಅದೇ ತಿಂಗಳು ಡಾಲರ್ 90 ರೂಪಾಯಿ ದಾಟಿತು. ಚಿಪ್‌ಗಳು ಬಹುಪಾಲು ಆಮದಾಗುವ ನಮ್ಮಲ್ಲಿ ತಡೆದರೆ ಅಗ್ಗವಾಗುತ್ತದೆಂದು ನಂಬಿ ಕೂರುವಂತಿಲ್ಲ. ಕೈಯಲ್ಲಿರುವ ಹಣ ಪ್ರೊಸೆಸರ್‌ನ ಒಂದು ಮೆಟ್ಟಿಲಿಗಿಂತ ರ‍್ಯಾಮ್‌ಗೆ ಹೋಗಲಿ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಜೊತೆಗೊಂದು ವಿಡಿಯೋ ಕರೆ ಇದ್ದಾಗ ಯಂತ್ರ ತೆವಳುವುದು ಹೆಚ್ಚಾಗಿ 8 ಜಿಬಿ ಸಾಲದೆ. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಆಮೇಲೆ ಸೇರಿಸಲು ಬರುವುದಿಲ್ಲ. 16 ಜಿಬಿ ಇರಲಿ, ಇಲ್ಲವೇ ಖಾಲಿ ಸ್ಲಾಟ್ ಇರಲಿ.

ಕೃತಕ ಬುದ್ಧಿಮತ್ತೆಯ ಕೆಲಸಕ್ಕೆಂದೇ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು ಎಂಬ ಭಾಗ ಇಲ್ಲದೆ ಕೊಂಡರೆ ಹಿಂದುಳಿಯುತ್ತೇವೆಂಬ ಭಯವೂ ಈಗ ಸೇರಿಕೊಂಡಿದೆ. ಚಾಟ್‌ಜಿಪಿಟಿಯಂಥ ಸೇವೆಗಳು ನಡೆಯುವುದು ದೂರದ ಸರ್ವರ್‌ಗಳಲ್ಲಿ. ಅವಕ್ಕೆ ಇಂಟರ್‌ನೆಟ್ ಇದ್ದರೆ ಸಾಕು. ಈಗಿರುವ ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿದ್ದು, ಲಕ್ಷಕ್ಕೂ ಹೆಚ್ಚು ಖರ್ಚು ಮಾಡಬಲ್ಲವರು, ವಿಡಿಯೋ ಎಡಿಟಿಂಗ್‌ನಂಥ ಭಾರದ ಕೆಲಸದವರು ಧಾರಾಳವಾಗಿ ಕಾಯಲಿ. ಹಳೆಯ ಯಂತ್ರದಲ್ಲಿ ಇನ್ನೂ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಲಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಊರಿನ ಕಂಪ್ಯೂಟರ್ ಅಂಗಡಿಯಲ್ಲೋ ಆಗುವ ಈ ಕೆಲಸಕ್ಕೆ ಹೊಸ ಲ್ಯಾಪ್‌ಟಾಪ್‌ನ ಬೆಲೆಯ ಸಣ್ಣ ಪಾಲು ಸಾಕು. ಆ ಯಂತ್ರ ಇನ್ನೆರಡು ವರ್ಷ ಬಾಳಿದರೆ, ಕಾಯುವುದು ಅಷ್ಟೇನೂ ಕಷ್ಟವಾಗುವುದಿಲ್ಲ.