ಕಾಯಿಲೆ ಬಿದ್ದ ಕೋಳಿಮರಿಗೆ ಮನೆಯ ಆರೈಕೆ

ಭದ್ರಾ ನದಿಯ ದಡದ ಹೊಳೆಹೊನ್ನೂರಿನಂತಹ ಊರುಗಳಲ್ಲಿ, ಮಳೆಗಾಲದ ಥಂಡಿಗೆ ರೆಕ್ಕೆ ಜೋಲುಬಿಟ್ಟು ಮುದುಡಿ ನಿಂತ ನಾಟಿ ಕೋಳಿಮರಿಗೆ ಔಷಧಕ್ಕಿಂತ ಮೊದಲು ಬೇಕಾದುದು ಕಾವು. ಏಕೆಂದರೆ ಪುಕ್ಕ ಪೂರ್ತಿ ಮೂಡುವವರೆಗೆ ಮರಿಯು ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದು, ಚಳಿ ಹಿಡಿದರೆ ಮೇವನ್ನೂ ಮುಟ್ಟದು.

ಆದ್ದರಿಂದ ಅದನ್ನು ಉಳಿದ ಮರಿಗಳಿಂದ ಬೇರ್ಪಡಿಸಿ, ಒಣ ಭತ್ತದ ಹೊಟ್ಟು ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಒಂದು ಬದಿಗೆ ಮಾತ್ರ ಬಲ್ಬಿನ ಕಾವು ಕೊಡಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಿಸಿ, ಬಳಿಕ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಎಲ್‌ಇಡಿ ಬಲ್ಬು ಇದಕ್ಕೆ ಸಾಲದು, ಬಿಸಿಯಾಗುವ ಹಳೆಯ ತಂತಿ ಬಲ್ಬೇ ಬೇಕು. ಮರಿ ಬಾಯ್ದೆರೆದು ಏದುಸಿರು ಬಿಟ್ಟರೆ ಕಾವು ಹೆಚ್ಚಾಗಿದೆ ಎಂದು ತಿಳಿಯಬೇಕು.

ಉಗುರುಬೆಚ್ಚಗಿನ ನೀರಿಗೆ ತುಸು ಬೆಲ್ಲ ಕರಗಿಸಿ ಕೊಕ್ಕಿನ ತುದಿಯನ್ನಷ್ಟೇ ಅದ್ದಬೇಕೇ ಹೊರತು ಬಾಯಿಗೆ ಸುರಿಯಲೇಬಾರದು. ಸುರಿದ ನೀರು ಶ್ವಾಸನಾಳಕ್ಕಿಳಿದರೆ ಬದುಕಬಹುದಾಗಿದ್ದ ಮರಿಯೂ ಸಾಯುತ್ತದೆ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ, ಎಳೆಯದೆ, ಬೆಚ್ಚನೆಯ ನೀರಿನ ಬಟ್ಟೆಯಿಂದ ನೆನೆಸಿ ತೆಗೆದು ಒರೆಸಬೇಕು.

ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್, ಎಂದರೆ ಐಮೇರಿಯ ಎಂಬ ಏಕಕೋಶ ಪರಾವಲಂಬಿ ಜೀವಿಯು ಕರುಳಿನ ಒಳಪದರವನ್ನು ಹಾಳುಗೆಡವುವ ರೋಗವನ್ನು ಶಂಕಿಸಬೇಕು. ಒದ್ದೆ ಹಾಸಿನಲ್ಲಿ ಇದು ಬೇಗ ಹರಡುವುದರಿಂದ ಹೊಟ್ಟನ್ನು ಕೂಡಲೇ ಬದಲಿಸಿ, ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ ಔಷಧದ ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯಬೇಕು.

ಕತ್ತು ತಿರುಚುವುದು, ಹಸಿರು ಭೇದಿ, ಉಬ್ಬಸ ಇವು ಕೊಕ್ಕರೆ ರೋಗವೆಂದೂ ಕರೆಯುವ ರಾಣಿಖೇತ್ ವೈರಾಣು ರೋಗದ ಲಕ್ಷಣಗಳು. ಇದಕ್ಕೆ ಮದ್ದಿಲ್ಲ, ಮೊದಲ ವಾರದಲ್ಲಿಯೇ ಹಾಕಿಸುವ ಲಸಿಕೆಯೇ ರಕ್ಷಣೆ. ಹಲವು ಮರಿಗಳು ಒಟ್ಟಿಗೆ ಸತ್ತರೆ, ಬರಿಗೈಯಲ್ಲಿ ಮುಟ್ಟದೆ, ಸಮೀಪದ ಪಶು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ತಿಳಿಸಬೇಕು.