ಹಸಿರು ಸರ್ಟಿಫಿಕೇಟ್ ಅಳೆಯೋದು ಏನನ್ನ?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೋಡಿದ್ದೀರಲ್ಲ? ಬಿದಿರಿನ ಚಾವಣಿ, ಮೇಲಿಂದ ತೂಗುವ ಗಿಡಗಳು. 2022ರ ನವೆಂಬರ್ 11ರಂದು ಉದ್ಘಾಟನೆಯಾಗುವ ಹೊತ್ತಿಗೇ ಅದಕ್ಕೆ ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ನ ‘ಲೀಡ್’ ಪ್ಲಾಟಿನಂ ಪೂರ್ವ ಪ್ರಮಾಣಪತ್ರ ಸಿಕ್ಕಿತ್ತು. ಖುಷಿಪಡುವ ವಿಷಯವೇ. ಆದರೆ ಹಸಿರು ಅಂತ ಅನ್ನಿಸಿಕೊಂಡಿದ್ದು ಕಟ್ಟಡವೋ, ವಿಮಾನಯಾನವೋ?

ಲೀಡ್ ಅಂದರೆ ಒಂಥರಾ ಪರೀಕ್ಷೆ. ಒಟ್ಟು 110 ಅಂಕ. 40 ಬಂದರೆ ಪಾಸ್, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಕರೆಂಟ್ ಉಳಿಸಿದರೆ ಅಂಕ, ನೀರು ಉಳಿಸಿದರೆ ಅಂಕ. ಇದೆಲ್ಲ ನಿಜವಾದ ಉಳಿತಾಯ, ಅನುಮಾನ ಬೇಡ. ಆದರೆ ಲೆಕ್ಕ ಕಟ್ಟಡದ ಗೋಡೆಗೇ ನಿಲ್ಲುತ್ತೆ. ರನ್‌ವೇಯಿಂದ ಮೇಲೇರುವ ವಿಮಾನ ಸುಡುವ ಇಂಧನ ಈ ಮಾರ್ಕ್ಸ್ ಕಾರ್ಡ್‌ನಲ್ಲಿ ಇಲ್ಲ.

ಇನ್ನು ಜಾಗದ ವಿಷಯಕ್ಕೆ ಬನ್ನಿ. ಲೀಡ್‌ನ ನಾಲ್ಕನೇ ಆವೃತ್ತಿಯಲ್ಲಿ ಹೊಸ ಕಟ್ಟಡಕ್ಕೆ ಫಲವತ್ತಾದ ಹೊಲ, ನೆರೆ ಬರುವ ತಗ್ಗು, ಜೌಗು ನೆಲ ತಪ್ಪಿಸಿದರೆ ಸಿಗೋದು 1 ಅಂಕ. ಸೈಕಲ್ ನಿಲ್ಲಿಸಲು ಜಾಗ, ಸ್ನಾನಕ್ಕೆ ಶವರ್ ಕೊಟ್ಟರೂ 1 ಅಂಕ! ಅಂದರೆ ಜೌಗು ನೆಲದಲ್ಲಿ ಕಟ್ಟಿ ಕಳೆದುಕೊಂಡ ಅಂಕವನ್ನು ಸೈಕಲ್ ಸ್ಟ್ಯಾಂಡ್ ಕಟ್ಟಿ ತುಂಬಿಕೊಳ್ಳಬಹುದು. ಅಂಕಪಟ್ಟಿಯಲ್ಲಿ ಎರಡೂ ಸಮ. ಮಳೆ ನೀರಿಗೆ ಸಮವೇ? 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೀವೇ ಟಿವಿಯಲ್ಲಿ ನೋಡಿದ್ದೀರಿ. ಕೆರೆ, ರಾಜಕಾಲುವೆಯ ದಾರಿ ಮುಚ್ಚಿದ ಮೇಲೆ ಒಳಗಿನ ಎಲ್‌ಇಡಿ ಬಲ್ಬು ಎಷ್ಟು ಯೂನಿಟ್ ಉಳಿಸಿದರೇನು?

ಹಾಗಂತ ಸರ್ಟಿಫಿಕೇಟ್ ಮೋಸ ಅಲ್ಲ. ಅದು ಉತ್ತರಿಸುವ ಪ್ರಶ್ನೆ ಒಂದೇ: ‘ಕಟ್ಟೋದಾದರೆ ಹೇಗೆ ಕಟ್ಟಬೇಕು?’ ‘ಇಲ್ಲಿ ಇದನ್ನು ಕಟ್ಟಲೇಬೇಕಾ?’ ಅನ್ನೋದು ಬೇರೆ ಪ್ರಶ್ನೆ. ಅದನ್ನು ಕೇಳಬೇಕಾದದ್ದು ಕಾನೂನು. 2006ರ ಪರಿಸರ ಪರಿಣಾಮ ಅಧಿಸೂಚನೆ ಇರೋದು ಅದಕ್ಕೇ. ದೊಡ್ಡ ಯೋಜನೆಗಳಿಗೆ ಮೊದಲೇ ಪರಿಸರ ಅನುಮತಿ ಬೇಕು; ವಿಮಾನ ನಿಲ್ದಾಣದಂಥವಕ್ಕೆ ಸಾರ್ವಜನಿಕ ಅಹವಾಲು ಸಭೆಯೂ ನಡೆಯಬೇಕು. ಸ್ವಯಂಪ್ರೇರಣೆಯಿಂದ ಪಡೆದ ಪ್ಲಾಟಿನಂ ಆ ಸಭೆಯ ಬದಲಿ ಆಗಲಾರದು.

ಹಾಗಾಗಿ ಮುಂದಿನ ಸಲ ‘ಗ್ರೀನ್ ಸರ್ಟಿಫೈಡ್’ ಫ್ಲ್ಯಾಟಿನ ಜಾಹೀರಾತು ಕಂಡರೆ ಎಷ್ಟು ಅಂಕ ಅಂತ ಆಮೇಲೆ ಕೇಳಿ. ಮೊದಲು ಹಳೇ ಸರ್ವೆ ನಕ್ಷೆ ತೆಗೆಸಿ ನೋಡಿ. ಆ ಜಾಗದಲ್ಲಿ ಮೊದಲು ಏನಿತ್ತು? ಅಲ್ಲಿ ಹರಿಯುತ್ತಿದ್ದ ನೀರು ಈಗ ಯಾರ ಮನೆಗೆ ನುಗ್ಗುತ್ತೆ?