ಟಿಎಂಸಿ ಲೆಕ್ಕದಲ್ಲಿ ಟೀ ಶರ್ಟು

ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ನೀರಿಗೆ ಎಷ್ಟು ಟೀ ಶರ್ಟು ಬರುತ್ತವೆ? ನಾಲ್ಕು ಕೂಡ ಬರುವುದಿಲ್ಲ. ಹತ್ತಿ ಬೆಳೆಯುವುದರಿಂದ ಹಿಡಿದು ಬಣ್ಣ ಹಾಕಿ ತೊಳೆಯುವವರೆಗೆ ಒಂದೇ ಒಂದು ಟೀ ಶರ್ಟಿಗೆ ತಗಲುವ ನೀರು ಸುಮಾರು 2,700 ಲೀಟರ್. ಜೀನ್ಸ್ ಪ್ಯಾಂಟಿಗೆ 7,500. ಅಂದರೆ ಒಂದು ಪ್ಯಾಂಟು, ಒಂದು ಟೀ ಶರ್ಟು ಕೊಂಡರೆ ಟ್ಯಾಂಕರ್ ಖಾಲಿ, ಮೇಲೆ ಇನ್ನೂರು ಲೀಟರ್ ಸಾಲ!

ಪುಣೆ ಜಿಲ್ಲೆಯ ಶಿರೂರಿನಂಥ ಊರಿನಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಘೋಡ್ ನದಿಯ ದಂಡೆಯಲ್ಲೇ ಇದ್ದರೂ ತಾಲ್ಲೂಕು ಮಳೆ ನೆರಳಿನದು. ಜಲಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಗೊತ್ತುಮಾಡಿರುವ ಗುರಿ ತಲೆಗೆ ದಿನಕ್ಕೆ 55 ಲೀಟರ್. ಆ ಅಳತೆಯಲ್ಲಿ ಒಂದು ಟೀ ಶರ್ಟೆಂದರೆ ಒಬ್ಬರ 49 ದಿನಗಳ ಸ್ನಾನ, ಅಡುಗೆ, ಕುಡಿಯುವ ನೀರು ಎಲ್ಲ. ಅಂಗಡಿಯ ಬಾಟಲಿ ನೀರನ್ನು ಲೀಟರಿಗೆ 20 ರೂಪಾಯಿಯಂತೆ ಹಿಡಿದರೆ, 199 ರೂಪಾಯಿ ಚೀಟಿ ಅಂಟಿಸಿಕೊಂಡ ಟೀ ಶರ್ಟಿನ ನೀರಿನ ಬೆಲೆಯೇ 54,000 ರೂಪಾಯಿ.

ನೂಲಿನ ಲೆಕ್ಕ ಇನ್ನೂ ಸೋಜಿಗದ್ದು. ಟೀ ಶರ್ಟಿನ ಅಂಚನ್ನು ಒಳಮಗ್ಗುಲಿಗೆ ತಿರುಗಿಸಿ ಕಣ್ಣಿಗೆ ಹತ್ತಿರ ಹಿಡಿಯಿರಿ. ಸಣ್ಣ ಸಣ್ಣ ಕುಣಿಕೆಗಳು ಸಾಲುಗಟ್ಟಿರುತ್ತವೆ. ಇಂಥ ಬಟ್ಟೆಗೆ ಸಾಮಾನ್ಯವಾಗಿ ಬಳಸುವ 30ನೇ ನಂಬರಿನ ನೂಲು ಒಂದು ಕಿಲೋಗೆ ಸುಮಾರು 50 ಕಿ.ಮೀ. ಉದ್ದ ಬರುತ್ತದೆ. 150 ಗ್ರಾಮಿನ ಟೀ ಶರ್ಟನ್ನು ಬಿಚ್ಚುತ್ತ ಹೋದರೆ ಏಳೂವರೆ ಕಿ.ಮೀ. ದಾರ! ಒಂಬತ್ತು ಟೀ ಶರ್ಟು ಬಿಚ್ಚಿದರೆ ಶಿರೂರಿನಿಂದ ಹೆಚ್ಚುಕಡಿಮೆ ಪುಣೆ ಮುಟ್ಟಬಹುದು. ಐವತ್ತೊಂದು ಸಾವಿರವಾದರೆ ಚಂದ್ರನನ್ನು.

ಇಷ್ಟೆಲ್ಲ ಅಡಗಿರುವ ವಸ್ತುವನ್ನು ವರ್ಷಕ್ಕೊಮ್ಮೆ ರಾಶಿ ಹಾಕಿ ಕೂಗಿ ಮಾರುತ್ತೇವೆ. ನಮ್ಮ ಕಡೆ ಅದು ಆಷಾಢ ಸೇಲ್. ಮದುವೆ-ಮುಂಜಿ ಇಲ್ಲದ ತಿಂಗಳಲ್ಲಿ ಜವಳಿ ಅಂಗಡಿಗಳು ನೊಣ ಹೊಡೆಯುವುದು ತಪ್ಪಲಿ, ಶ್ರಾವಣದ ಹೊಸ ಮಾಲಿಗೆ ಜಾಗವಾಗಲಿ ಎಂದು ಹೂಡಿದ ಉಪಾಯ. ಪುಣೆಯ ಕಡೆ ಮಾನ್ಸೂನ್ ಸೇಲ್ ಎನ್ನುತ್ತಾರೆ, ಮರ್ಮ ಒಂದೇ. ಶಿರೂರು ತಾಲ್ಲೂಕಿನದೇ ಆದ ರಾಂಜಣಗಾಂವ್ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರೂ ಪಗಾರದ ವಾರದಲ್ಲಿ ಇದರ ಮುಂದೆಯೇ ಹಾದುಹೋಗಬೇಕು.

ಅಲ್ಲಿ ಕಾಣುವ '50+20' ಎಂಬ ಬೋರ್ಡನ್ನೇ ನೋಡಿ. ಕಣ್ಣು 70 ಎಂದು ಓದುತ್ತದೆ. ಬಿಲ್ಲು 60 ಎನ್ನುತ್ತದೆ. ಎರಡು ಸಾವಿರದ ಅರ್ಧ ಸಾವಿರ, ಸಾವಿರದಲ್ಲಿ ಇಪ್ಪತ್ತು ಪರ್ಸೆಂಟ್ ಇನ್ನೂರು, ಕೊಡಬೇಕಾದದ್ದು ಎಂಟುನೂರು. 'ಸಾವಿರದ ಇನ್ನೂರು ಉಳಿಯಿತು' ಎನ್ನುತ್ತಾರೆ, ಜೇಬಿನಿಂದ ಎಂಟುನೂರು ಹೋದದ್ದನ್ನು ಯಾರೂ ಎತ್ತುವುದಿಲ್ಲ. 'ಎರಡಕ್ಕೆ ಎರಡು ಫ್ರೀ' ಎಂಬುದಂತೂ ಬೇಕಿದ್ದ ಒಂದಕ್ಕೆ ಬೇಡದ ಮೂರನ್ನು ಕಟ್ಟುವ ಆಟ. ಬೇಡದ ಆ ಮೂರಕ್ಕೇ 8,100 ಲೀಟರ್.

ಜಗತ್ತಿನಲ್ಲಿ ಒಂದು ವರ್ಷಕ್ಕೆ ತಯಾರಾಗುವ ಉಡುಪುಗಳ ಸಂಖ್ಯೆ 2014ರ ಹೊತ್ತಿಗೇ ಹತ್ತು ಸಾವಿರ ಕೋಟಿ ದಾಟಿತ್ತು. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ, ನಿನ್ನೆ ಹುಟ್ಟಿದ ಕೂಸಿಗೂ, ವರ್ಷಕ್ಕೆ ಹನ್ನೆರಡಕ್ಕಿಂತ ಹೆಚ್ಚು. ಬೇಡವಾದದ್ದರಲ್ಲಿ ಒಂದು ಪಾಲು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಗುಡ್ಡೆ ಬಿದ್ದಿದೆ. ಕೆಲವಕ್ಕೆ ಬೆಲೆಯ ಚೀಟಿಯೂ ಇನ್ನೂ ಅಂಟಿಕೊಂಡೇ ಇದೆ.

ನಮಗೆ ಕೋಟಿಗಿಂತ ಟಿಎಂಸಿ ಬೇಗ ನಾಟುತ್ತದೆ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್; ಒಂದು ಕೋಟಿ ಐದು ಲಕ್ಷ ಟೀ ಶರ್ಟು. ಶಿರೂರಿನ ಘೋಡ್ ನದಿ ಭೀಮೆಯನ್ನು ಸೇರಿ ಉಜನಿ ಜಲಾಶಯಕ್ಕೆ ಹೋಗುತ್ತದೆ, ಅಲ್ಲಿಂದ ಮುಂದೆ ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿಯ ಕಡೆ ಬರುತ್ತಾಳೆ. ಉಜನಿಯ ಒಟ್ಟು ಸಾಮರ್ಥ್ಯ 117 ಟಿಎಂಸಿ. ನೂರ ನಲವತ್ತು ಕೋಟಿ ಭಾರತೀಯರು ಈ ಸೇಲಿನಲ್ಲಿ ತಲೆಗೊಂದು ಟೀ ಶರ್ಟು ಬಿಟ್ಟು ಬಂದರೆ ಉಳಿಯುವುದು 133. ಇದೆಲ್ಲ ಅಣೆಕಟ್ಟಿನ ನೀರಲ್ಲ, ಹತ್ತಿ ಹೊಲದ ಮೇಲೆ ತಾನಾಗಿ ಬಿದ್ದ ಮಳೆಯೂ ಲೆಕ್ಕದೊಳಗಿದೆ ಎಂದು ಯಾರಾದರೂ ತಕರಾರು ತೆಗೆದರೆ, ತಕರಾರು ಸರಿಯೇ. ಅರ್ಧಕ್ಕರ್ಧ ಕಳೆಯಿರಿ: 66 ಟಿಎಂಸಿ. ಕೆಆರ್‌ಎಸ್ ತುಂಬಿ ತುಳುಕಲು 49 ಸಾಕು.